ದಾವಣಗೆರೆಯ ಗದ್ಯಾಂಶ ಬ್ಯಾಚ್: ಆರು ವಾರಕ್ಕೆ 3,500 ರೂಪಾಯಿ, ಕೊಡಬಹುದೇ?

ವಿದ್ಯಾನಗರ, ಹದಡಿ ರಸ್ತೆ, ಎ.ವಿ.ಕೆ. ಕಾಲೇಜು ರಸ್ತೆ, ಎಲ್ಲಿ ಹೋದರೂ ಸ್ಪರ್ಧಾತ್ಮಕ ಪರೀಕ್ಷೆಯ ಬೋರ್ಡು ಕಾಣುತ್ತದೆ. ಗಣಿತಕ್ಕೆ, ರೀಸನಿಂಗ್‌ಗೆ, ಜಿಕೆಗೆ ಬೇಕಾದಷ್ಟು ಬ್ಯಾಚ್‌ಗಳಿವೆ. ಗದ್ಯಾಂಶ ಓದಿ ಉತ್ತರಿಸುವುದನ್ನೇ ಕಲಿಸುವ ಬ್ಯಾಚ್ ಅಪರೂಪ. ‘ಅದರಲ್ಲಿ ಕಲಿಸೋದೇನಿದೆ, ಉತ್ತರ ಅಲ್ಲೇ ಇರುತ್ತಲ್ಲ’ ಅನ್ನುವುದು ರೂಢಿಯ ಮಾತು. ಉತ್ತರ ಅಲ್ಲೇ ಇರುತ್ತದೆ, ನಿಜ. ಅದರ ಪಕ್ಕದಲ್ಲೇ ಅದರಂತೆಯೇ ಕಾಣುವ ಮೂರು ತಪ್ಪುಗಳೂ ಇರುತ್ತವೆ. ಆ ಮೂರನ್ನು ಬರೆಯುವುದಕ್ಕೆ ಪ್ರಶ್ನೆಪತ್ರಿಕೆ ತಯಾರಿಸುವವರು ಸರಿಯುತ್ತರಕ್ಕಿಂತ ಹೆಚ್ಚು ತಲೆ ಖರ್ಚು ಮಾಡಿರುತ್ತಾರೆ.

ಈ ವಿಮರ್ಶೆ ಅಂಥದೊಂದು ವಾರಾಂತ್ಯದ ಬ್ಯಾಚ್ ಮತ್ತು ಅದರ ಜೊತೆ ಕೊಡುವ ಮೆಟೀರಿಯಲ್ ಕುರಿತದ್ದು. ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳಿದ ಅಳತೆಯನ್ನು ಊರಿನ ಬೇರೆ ಯಾವ ಬ್ಯಾಚಿಗಾದರೂ ಹಿಡಿದು ನೋಡಬಹುದು. ಶನಿವಾರ, ಭಾನುವಾರ ಎರಡೂವರೆ ಗಂಟೆಯಂತೆ ಆರು ವಾರ, ಒಟ್ಟು 12 ತರಗತಿ, 30 ಗಂಟೆ. ಶುಲ್ಕ 3,500 ರೂಪಾಯಿ. ಸ್ಪೈರಲ್ ಬೈಂಡ್ ಮಾಡಿದ 184 ಪುಟದ ಮೆಟೀರಿಯಲ್ ಅದರಲ್ಲೇ ಸೇರಿದೆ. ಬರೀ ಮೆಟೀರಿಯಲ್ ಸಾಕೆಂದರೆ ಝೆರಾಕ್ಸ್ ಅಂಗಡಿಯಲ್ಲಿ 350ಕ್ಕೆ ಸಿಗುತ್ತದೆ. ಒಟ್ಟು 60 ಗದ್ಯಾಂಶ: 36 ಇಂಗ್ಲಿಷಿನವು, 24 ಕನ್ನಡದವು. ಪಾಠದ ಮಾತು ಕನ್ನಡದಲ್ಲೇ ನಡೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಬ್ಯಾಂಕ್ ಪರೀಕ್ಷೆಗೋ ಯುಪಿಎಸ್‌ಸಿ ಪೂರ್ವಭಾವಿಯ ಎರಡನೇ ಪತ್ರಿಕೆಯಾದ ಸಿ-ಸ್ಯಾಟ್‌ಗೋ ಕೂರುವವರಿಗೆ ಇದೊಂದೇ ಅರ್ಧ ಉಪಕಾರ.

ತೀರ್ಪು ಮೊದಲೇ ಹೇಳಿಬಿಡೋಣ. ತಪ್ಪು ಆಯ್ಕೆ ಏಕೆ ತಪ್ಪು ಎಂಬುದನ್ನು ಕಲಿಸುವುದರಲ್ಲಿ ಈ ಬ್ಯಾಚ್ ಬಹಳ ಚೆನ್ನಾಗಿದೆ. ಸಮಯದ ಲೆಕ್ಕದಲ್ಲಿ ಸಾಧಾರಣ. ಕನ್ನಡ ಗದ್ಯಾಂಶಗಳ ವಿಷಯದಲ್ಲಿ ಇದನ್ನು ನಂಬಿ ಕೂರುವಂತಿಲ್ಲ.

ಸಾಲು ತೋರಿಸಿ

ಇಡೀ ಬ್ಯಾಚ್ ನಿಂತಿರುವುದು ಒಂದು ನಿಯಮದ ಮೇಲೆ. ಗದ್ಯಾಂಶದ ಎಡಗಡೆ ಸಾಲಿನ ಸಂಖ್ಯೆ ಮುದ್ರಿಸಿರುತ್ತಾರೆ. ಉತ್ತರದ ಹಾಳೆಯಲ್ಲಿ ಎರಡು ಅಂಕಣ: ಒಂದರಲ್ಲಿ ಆಯ್ಕೆ, ಇನ್ನೊಂದರಲ್ಲಿ ಆ ಆಯ್ಕೆಗೆ ಆಧಾರವಾದ ಸಾಲಿನ ಸಂಖ್ಯೆ. ಆಯ್ಕೆ ಸರಿಯಿದ್ದು ಸಾಲು ಬರೆಯದಿದ್ದರೆ ಅಂಕ ಸೊನ್ನೆ. ಮೊದಲ ವಾರ ಎಲ್ಲರಿಗೂ ಇದು ಕಿರಿಕಿರಿ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಯಾರೂ ಸಾಲು ಕೇಳುವುದಿಲ್ಲ, ಇಲ್ಲೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಆದರೆ ಗದ್ಯಾಂಶದಲ್ಲಿ ಅಂಕ ಹೋಗುವುದು ಓದಿದ್ದು ಅರ್ಥವಾಗದೇ ಇರುವುದರಿಂದ ಮಾತ್ರವಲ್ಲ. ಓದುವವರು ತಮಗೆ ಮೊದಲೇ ಗೊತ್ತಿದ್ದನ್ನು ಗದ್ಯಾಂಶದ ಬಾಯಿಗೆ ತುರುಕುವುದರಿಂದಲೂ ಹೋಗುತ್ತದೆ. ಸಾಲು ಬರೆಯಬೇಕು ಎಂದಾದ ಕೂಡಲೇ ಆ ಚಾಳಿ ಕೈಗೆ ಸಿಕ್ಕಿಬೀಳುತ್ತದೆ.

ಮೆಟೀರಿಯಲ್‌ನ ಪುಟವನ್ನೇ ಇಲ್ಲಿ ಇಳಿಸುವುದು ಸರಿಯಲ್ಲ. ಅದೇ ಅಚ್ಚಿನ ಒಂದು ಪುಟ್ಟ ಗದ್ಯಾಂಶ ಬರೆದು ತೋರಿಸಿದರೆ ಪಾಠದ ರೀತಿ ತಿಳಿಯುತ್ತದೆ. ವಿಷಯ ಚಿತ್ರದುರ್ಗ ಜಿಲ್ಲೆಯವರಿಗೆಲ್ಲ ಗೊತ್ತಿರುವ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ. ಗೊತ್ತಿರುವುದೇ ಇಲ್ಲಿ ಅಪಾಯ.

(1) ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ವಾಣಿ ವಿಲಾಸ ಸಾಗರ ಕಟ್ಟುವ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. (2) ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಕಟ್ಟೆ ಹಾಕಿದ್ದರಿಂದ ಕಟ್ಟೆಯ ಉದ್ದ ಕಡಿಮೆ, ಹಿಂದೆ ನಿಲ್ಲುವ ನೀರು ಹೆಚ್ಚು. (3) ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು; ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. (4) ಈ ನಡುವೆಯೂ ನಾಲೆಗಳಲ್ಲಿ ನೀರು ಹರಿದು ಅಚ್ಚುಕಟ್ಟಿನ ತೋಟಗಳಿಗೆ ಸಿಕ್ಕಿದೆ, ಆದರೆ ಎಲ್ಲ ವರ್ಷವೂ ಅಲ್ಲ. (5) ಈಚಿನ ವರ್ಷಗಳಲ್ಲಿ ಭದ್ರಾ ನೀರೂ ಇಲ್ಲಿಗೆ ಬರುತ್ತಿದೆ.

ಪ್ರಶ್ನೆ: ಗದ್ಯಾಂಶದ ಆಧಾರದಿಂದ ಖಚಿತವಾಗಿ ಹೇಳಬಹುದಾದದ್ದು ಯಾವುದು?
ಅ) 1933ರಿಂದ 2022ರವರೆಗೆ ಜಲಾಶಯ ಬತ್ತಿತ್ತು.
ಆ) 2022ರಲ್ಲಿ ಕೋಡಿ ಬೀಳಲು ಭದ್ರಾ ನೀರೇ ಕಾರಣ.
ಇ) ಕೋಡಿ ಬೀಳದ ವರ್ಷಗಳಲ್ಲೂ ಕೆಲವೊಮ್ಮೆ ಜಮೀನಿಗೆ ನೀರು ಸಿಕ್ಕಿದೆ.
ಈ) ಜಲಾಶಯವನ್ನು ಮೈಸೂರು ಸಂಸ್ಥಾನ ಕಟ್ಟಿಸಿತು.

ಉತ್ತರ ‘ಇ’, ಆಧಾರ 3 ಮತ್ತು 4ನೇ ವಾಕ್ಯ. ಆದರೆ ತರಗತಿಯಲ್ಲಿ ಉತ್ತರಕ್ಕೆ ಎರಡು ನಿಮಿಷ ಕೊಟ್ಟರೆ ಉಳಿದ ಮೂರಕ್ಕೆ ಹತ್ತು ನಿಮಿಷ ಕೊಡುತ್ತಾರೆ. ಕಲಿಕೆ ಇರುವುದೂ ಅಲ್ಲೇ. ‘ಅ’ ಆಯ್ಕೆ ‘ಕೋಡಿ ಬೀಳಲಿಲ್ಲ’ ಎಂಬುದನ್ನು ‘ನೀರೇ ಇರಲಿಲ್ಲ’ ಎಂದು ಹಿಗ್ಗಿಸಿದೆ. ತುಂಬಿ ಹರಿಯದ ಕೆರೆ ಅರ್ಧ ತುಂಬಿರಬಹುದು. ‘ಆ’ ಆಯ್ಕೆಯಲ್ಲಿ ಎರಡು ತಪ್ಪು: ಗದ್ಯಾಂಶ ‘ನೀರೂ’ ಎಂದದ್ದನ್ನು ‘ನೀರೇ’ ಮಾಡಿದೆ, ಅಕ್ಕಪಕ್ಕ ಬಂದ ಎರಡು ಸಂಗತಿಗಳಿಗೆ ಕಾರಣದ ಗಂಟು ಹಾಕಿದೆ. 5ನೇ ವಾಕ್ಯ ಕೋಡಿಯ ಮಾತನ್ನೇ ಎತ್ತಿಲ್ಲ. ‘ಈ’ ಆಯ್ಕೆ ಇತಿಹಾಸದಲ್ಲಿ ನಿಜ, ಗದ್ಯಾಂಶದಲ್ಲಿ ಇಲ್ಲ. ಹಿರಿಯೂರು, ಹೊಸದುರ್ಗದ ಕಡೆಯ ಹುಡುಗರು ಜಾರಿಬೀಳುವುದು ಇದರಲ್ಲೇ. ನಿಜವಾದದ್ದನ್ನು ತಪ್ಪು ಎನ್ನಲು ಮನಸ್ಸು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದ್ದು ‘ಯಾವುದು ನಿಜ’ ಎಂದಲ್ಲ, ‘ಗದ್ಯಾಂಶದಿಂದ ಯಾವುದು ಹೊರಡುತ್ತದೆ’ ಎಂದು.

ಇದೇ ರೀತಿ ತಪ್ಪು ಆಯ್ಕೆಗಳಿಗೆ ಅವರು ಐದು ಹೆಸರಿಟ್ಟಿದ್ದಾರೆ. ಹಿಗ್ಗಿಸಿದ್ದು, ಹೊರಗಿನದು, ಗಂಟು ಹಾಕಿದ್ದು ಮೇಲೆ ಕಂಡಾಯಿತು. ನಾಲ್ಕನೆಯದು ಅರ್ಧ ಸರಿ: ವಾಕ್ಯದ ಮೊದಲರ್ಧ ಗದ್ಯಾಂಶದ ಪದಗಳನ್ನೇ ಹೊತ್ತಿರುತ್ತದೆ, ಕೊನೆಯಲ್ಲಿ ಒಂದು ಪದ ತಿರುಚಿರುತ್ತದೆ. ಅವಸರದಲ್ಲಿ ಮೊದಲರ್ಧ ಓದಿ ಗುರುತು ಹಾಕುವವರಿಗಾಗಿಯೇ ಹೆಣೆದ ಬಲೆ ಅದು. ಐದನೆಯದು ‘ಸರಿ, ಆದರೆ ಕೇಳಿದ್ದಕ್ಕಲ್ಲ’. ಮುಖ್ಯ ಆಶಯ ಕೇಳಿದ ಪ್ರಶ್ನೆಯಲ್ಲಿ ಇದು ತಪ್ಪದೇ ಬರುತ್ತದೆ. ಎರಡನೇ ಪ್ಯಾರಾದ ಒಂದು ವಿವರವನ್ನು ಹಾಗೇ ಎತ್ತಿ ಆಯ್ಕೆಯಾಗಿ ಇಟ್ಟಿರುತ್ತಾರೆ. ಸಾಲು ಹುಡುಕಿದರೆ ಸಿಕ್ಕೇ ಸಿಗುತ್ತದೆ, ಆದರೆ ಅದು ಇಡೀ ಗದ್ಯಾಂಶದ ಆಶಯವಲ್ಲ. ಇಂಥಲ್ಲಿ ‘ಸಾಲು ತೋರಿಸಿ’ ನಿಯಮವೇ ದಾರಿ ತಪ್ಪಿಸುತ್ತದೆ. ಅದಕ್ಕೆ ಅವರು ಇಟ್ಟುಕೊಂಡ ಪರಿಹಾರ ಸರಳ, ಕೆಲಸಕ್ಕೂ ಬರುತ್ತದೆ. ಪ್ರತಿ ಪ್ಯಾರಾ ಮುಗಿದ ಕೂಡಲೇ ಅಂಚಿನಲ್ಲಿ ಮೂರ್ನಾಲ್ಕು ಪದದ ಟಿಪ್ಪಣಿ ಬರೆಯಬೇಕು: ‘ಸಮಸ್ಯೆ’, ‘ಹಳೇ ಪರಿಹಾರ ಸೋತದ್ದು’, ‘ಲೇಖಕರ ಸಲಹೆ’ ಹೀಗೆ. ಆಶಯದ ಪ್ರಶ್ನೆಗೆ ಬಂದಾಗ ಗದ್ಯಾಂಶಕ್ಕೆ ಮರಳದೆ ಬರೀ ಆ ಟಿಪ್ಪಣಿಗಳನ್ನು ನೋಡಬೇಕು. ಎಲ್ಲ ಟಿಪ್ಪಣಿಗಳನ್ನೂ ಹಿಡಿಸುವ ಆಯ್ಕೆಯೇ ಉತ್ತರ.

‘ಎಲ್ಲ’, ‘ಎಂದಿಗೂ’, ‘ಮಾತ್ರ’, ‘ಏಕೈಕ’ ಬಂದ ಆಯ್ಕೆಯನ್ನು ಕಣ್ಣುಮುಚ್ಚಿ ಹೊಡೆದುಹಾಕಿ ಎಂಬ ಸೂತ್ರವನ್ನೂ ಇಲ್ಲಿ ಹೇಳಿಕೊಡುತ್ತಾರೆ. ಇದನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಬೇಕು. ಗದ್ಯಾಂಶವೇ ‘ಎಲ್ಲ’ ಎಂದಿದ್ದರೆ ‘ಎಲ್ಲ’ ಎಂಬ ಆಯ್ಕೆ ಸರಿ. ಇಂಥ ಪದ ಕಂಡಾಗ ಹೊಡೆದುಹಾಕುವುದಲ್ಲ, ಅದೇ ಬಿಗಿ ಗದ್ಯಾಂಶದಲ್ಲೂ ಇದೆಯೇ ಎಂದು ತಾಳೆ ನೋಡುವುದು ಸರಿಯಾದ ಕ್ರಮ.

ಸಿ-ಸ್ಯಾಟ್‌ನ ‘ಊಹೆ’ ಪ್ರಶ್ನೆ

ಕೆಎಎಸ್, ಐಎಎಸ್ ಗುರಿಯಿಟ್ಟವರಿಗೆ ಈ ಬ್ಯಾಚಿನ ಅತ್ಯುತ್ತಮ ಎರಡು ತರಗತಿ ಏಳನೆಯದು ಮತ್ತು ಎಂಟನೆಯದು. ಯುಪಿಎಸ್‌ಸಿ ಎರಡನೇ ಪತ್ರಿಕೆಯಲ್ಲಿ ಗದ್ಯಾಂಶ ಕೊಟ್ಟು ‘ಇದರ ತಿರುಳು ಯಾವುದು’, ‘ತರ್ಕಬದ್ಧವಾಗಿ ಹೊರಡುವ ನಿರ್ಣಯ ಯಾವುದು’, ‘ಯಾವ ಊಹೆಯ ಮೇಲೆ ಈ ಮಾತು ನಿಂತಿದೆ’ ಎಂದು ಕೇಳುತ್ತಾರೆ. ಕೊನೆಯದರಲ್ಲಿ ಉತ್ತರದ ಸಾಲು ಗದ್ಯಾಂಶದಲ್ಲಿ ಇರುವುದೇ ಇಲ್ಲ, ಲೇಖಕರು ಹೇಳದೆ ನಂಬಿಕೊಂಡದ್ದನ್ನು ಹಿಡಿಯಬೇಕು. ಇಲ್ಲಿ ತಿರುಗಿಸಿ ನೋಡುವ ಪರೀಕ್ಷೆ ಕಲಿಸುತ್ತಾರೆ: ಆಯ್ಕೆಯನ್ನು ಇಲ್ಲ ಎಂದು ತಿರುಗಿಸಿದಾಗ ವಾದ ಕುಸಿದರೆ ಅದೇ ಊಹೆ.

‘ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಗ್ರಂಥಾಲಯ ತೆರೆದರೆ ಹಳ್ಳಿ ಮಕ್ಕಳ ಓದು ಸುಧಾರಿಸುತ್ತದೆ’ ಎಂಬ ವಾದ ಇಟ್ಟುಕೊಳ್ಳಿ. ಒಂದು ಆಯ್ಕೆ ‘ಪುಸ್ತಕ ಕೈಗೆ ಸಿಗದಿರುವುದು ಮಕ್ಕಳ ಓದಿಗೆ ಒಂದು ಅಡ್ಡಿ’. ತಿರುಗಿಸಿ: ಪುಸ್ತಕ ಸಿಗದಿರುವುದು ಅಡ್ಡಿಯೇ ಅಲ್ಲ. ಹಾಗಾದರೆ ಗ್ರಂಥಾಲಯ ತೆರೆದು ಪ್ರಯೋಜನವಿಲ್ಲ, ವಾದ ಕುಸಿಯಿತು. ಇದೇ ಊಹೆ. ಇನ್ನೊಂದು ಆಯ್ಕೆ ‘ಗ್ರಂಥಾಲಯ ತೆರೆಯಲು ಸರ್ಕಾರದ ಬಳಿ ಹಣವಿದೆ’. ತಿರುಗಿಸಿ: ಹಣವಿಲ್ಲ. ಆದರೂ ‘ತೆರೆದರೆ ಸುಧಾರಿಸುತ್ತದೆ’ ಎಂಬ ಮಾತು ಅಲುಗಾಡಲಿಲ್ಲ, ಏಕೆಂದರೆ ಅದು ‘ತೆರೆದರೆ’ ಎಂದೇ ಹೇಳಿದೆ. ಈ ಒಂದು ‘ರೆ’ ಕಾಣದೇ ಹೋದರೆ ಅಂಕ ಹೋಯಿತು.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವ ನರ್ಸಿಂಗ್ ವಿದ್ಯಾರ್ಥಿಗಳು ದಾವಣಗೆರೆಯಲ್ಲಿ ಇದ್ದಾರೆ. ಅವರಿಗೆ ‘ಟ್ರೂ, ಫಾಲ್ಸ್, ನಾಟ್ ಗಿವನ್’ ಪ್ರಶ್ನೆಯೇ ತಲೆನೋವು. ಬ್ಯಾಚಿನಲ್ಲಿ ಇದಕ್ಕೆ ಅರ್ಧ ತರಗತಿ ಮಾತ್ರ ಇದೆ, ಆದರೆ ಹೇಳಿದ್ದು ಸ್ಪಷ್ಟ: ಫಾಲ್ಸ್ ಎನ್ನಬೇಕಾದರೆ ಗದ್ಯಾಂಶದಲ್ಲಿ ಎದುರು ಸಾಲು ಇರಲೇಬೇಕು. ಮಾರಿಕಣಿವೆಯ ಗದ್ಯಾಂಶಕ್ಕೇ ಹೋದರೆ, ‘ಕಟ್ಟಲು ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು’ ಎಂಬುದು ಫಾಲ್ಸ್, ಏಕೆಂದರೆ 1ನೇ ವಾಕ್ಯದ ಲೆಕ್ಕ ಅದಕ್ಕೆ ಎದುರಾಗಿದೆ. ‘ಅಂದಾಜಿಗಿಂತ ಹೆಚ್ಚು ಹಣ ಹಿಡಿಯಿತು’ ಎಂಬುದು ನಾಟ್ ಗಿವನ್. ಹಣದ ಮಾತೇ ಇಲ್ಲ. ಇದ್ದಿರಬಹುದು, ಇಲ್ಲದಿರಬಹುದು ಎನ್ನುವುದು ನಮ್ಮ ಕೆಲಸವಲ್ಲ.

ಇಂಗ್ಲಿಷ್ ಗದ್ಯಾಂಶ, ಕನ್ನಡದ ತಲೆ

ಕನ್ನಡ ಮಾಧ್ಯಮದವರು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಪದಪದವಾಗಿ ಕನ್ನಡ ಮಾಡಿಕೊಳ್ಳುತ್ತ ಹೋಗುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಕೊನೆಯವರೆಗೆ ಕಾಯುವುದು ನಮ್ಮ ಅಭ್ಯಾಸ. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಕರ್ತೃ ಬಂದ ಕೂಡಲೇ ಬಂದಿರುತ್ತದೆ. ಉದ್ದ ವಾಕ್ಯದಲ್ಲಿ ಅಲ್ಪವಿರಾಮಗಳ ನಡುವೆ ತುರುಕಿದ ವಿವರಣೆ ಓದುವಷ್ಟರಲ್ಲಿ ಯಾರು ಏನು ಮಾಡಿದರು ಎಂಬುದೇ ಮರೆತು ಹೋಗಿರುತ್ತದೆ. ಪರಿಹಾರವಾಗಿ ಅವರು ಮಾಡಿಸುವ ಅಭ್ಯಾಸ ತುಂಬ ಉಪಯೋಗದ್ದು: ಮೊದಲ ಓದಿಗೆ ಪ್ರತಿ ವಾಕ್ಯದಲ್ಲಿ ‘ಯಾರು’ ಮತ್ತು ‘ಏನು ಮಾಡಿದರು’ ಎಂಬ ಎರಡಕ್ಕೆ ಮಾತ್ರ ಪೆನ್ಸಿಲ್ ಗೆರೆ. ಅಲ್ಪವಿರಾಮಗಳ ನಡುವಿನದನ್ನು ಆವರಣದಲ್ಲಿಟ್ಟು ದಾಟಿಬಿಡಬೇಕು. ‘ಹೌಎವರ್’, ‘ಆಲ್‌ದೋ’, ‘ಯೆಟ್’, ‘ಅನ್‌ಲೆಸ್’ ಕಂಡರೆ ಸುತ್ತು ಹಾಕಬೇಕು, ಲೇಖಕರು ಮಾತು ತಿರುಗಿಸಿದ ಜಾಗ ಅದು. ಲೇಖಕರ ನಿಜವಾದ ಅಭಿಪ್ರಾಯ ಬಹುಪಾಲು ಆ ತಿರುವಿನ ಆಚೆ ಕುಳಿತಿರುತ್ತದೆ. ಈಚೆ ಇರುವುದು ಅವರು ಅಲ್ಲಗಳೆಯಲಿರುವ ಇತರರ ಮಾತು. ‘ದಿಸ್’, ‘ಸಚ್’, ‘ಇಟ್’ ಬಂದಲ್ಲಿ ಅದು ಯಾವುದನ್ನು ಸೂಚಿಸುತ್ತದೆ ಎಂದು ಬಾಣ ಎಳೆಯಬೇಕು. ಹತ್ತು ಗದ್ಯಾಂಶ ಹೀಗೆ ಮಾಡಿದರೆ ಕೈ ಪಳಗುತ್ತದೆ, ಆಮೇಲೆ ಗೆರೆಯ ಸಂಖ್ಯೆ ತಾನಾಗಿ ಕಡಿಮೆಯಾಗುತ್ತದೆ.

ಪದದ ಅರ್ಥ ಕೇಳುವ ಪ್ರಶ್ನೆಗೆ ಡಿಕ್ಷನರಿ ಅರ್ಥ ನಂಬಬಾರದು. ‘ಅರೆಸ್ಟ್ ದಿ ಡಿಕ್ಲೈನ್’ ಎಂದಲ್ಲಿ ‘ಅರೆಸ್ಟ್’ ಅಂದರೆ ಬಂಧಿಸುವುದಲ್ಲ, ತಡೆಯುವುದು. ನಾಲ್ಕೂ ಆಯ್ಕೆಗಳನ್ನು ಒಂದೊಂದಾಗಿ ಆ ಪದದ ಜಾಗದಲ್ಲಿ ಇಟ್ಟು ಇಡೀ ವಾಕ್ಯ ಓದಬೇಕು. ಪದದ ಅತಿ ಪರಿಚಿತ ಅರ್ಥ ಆಯ್ಕೆಯಲ್ಲಿ ಕಂಡರೆ ಇನ್ನೊಂದು ಸಲ ವಾಕ್ಯಕ್ಕೆ ಮರಳುವುದು ಕ್ಷೇಮ.

ಮೆಟೀರಿಯಲ್‌ನ ಕನ್ನಡ ಭಾಗ

ಬೇಸರ ತರಿಸುವುದು ಈ ಭಾಗ. 24 ಕನ್ನಡ ಗದ್ಯಾಂಶಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಗದ್ಯಾಂಶಗಳ ಅನುವಾದ. ‘ಇದು ಗಮನಿಸಲ್ಪಡಬೇಕಾಗಿರುವಂತಹ ಅಂಶವಾಗಿರುತ್ತದೆ’ ಎಂಬಂಥ ವಾಕ್ಯಗಳು ಸಾಲುಸಾಲಾಗಿ ಬರುತ್ತವೆ. ಅಲ್ಲಿ ವಿದ್ಯಾರ್ಥಿ ಎಡವುವುದು ವಿಷಯದಲ್ಲಲ್ಲ, ಅನುವಾದದಲ್ಲಿ. ಅನುವಾದ ಕೆಟ್ಟರೆ ಏನಾಗುತ್ತದೆ ಎಂಬುದನ್ನು ರಾಜ್ಯ ಈಗಾಗಲೇ ಕಂಡಿದೆ: 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅಂಥ ಪತ್ರಿಕೆ ಎದುರಾದರೆ ಅಡ್ಡಾದಿಡ್ಡಿ ಕನ್ನಡ ವಾಕ್ಯದ ಪಕ್ಕದಲ್ಲೇ ಅದರ ಇಂಗ್ಲಿಷ್ ರೂಪವನ್ನೂ ನೋಡುವ ಅಭ್ಯಾಸ ಬೇಕು. ಹಾಗೆಂದು ತರಬೇತಿಯ ಮೆಟೀರಿಯಲ್ಲೇ ಹಾಗಿರಬೇಕಿಲ್ಲ. ನವೋದಯ ಪ್ರವೇಶ ಪರೀಕ್ಷೆಗೆ ಕೂರುವ ಐದನೇ ತರಗತಿ ಮಗುವಿನ ಕೈಗೆ ಈ ಭಾಗ ಕೊಡಲೇಬಾರದು.

ಕನ್ನಡ ಗದ್ಯಾಂಶಕ್ಕೆ ಅದರದ್ದೇ ಎಚ್ಚರಗಳಿವೆ, ಬ್ಯಾಚಿನಲ್ಲಿ ಅವಕ್ಕೆ ಜಾಗವೇ ಇಲ್ಲ. ಮೊದಲನೆಯದು ಪದದ ಬಾಲ. ‘ಮಳೆಯೇ ಕಾರಣ’ ಅಂದರೆ ಬೇರೆ ಕಾರಣವಿಲ್ಲ. ‘ಮಳೆಯೂ ಕಾರಣ’ ಅಂದರೆ ಬೇರೆಯವೂ ಇವೆ. ಒಂದು ಸ್ವರದಲ್ಲಿ ಉತ್ತರ ಬದಲಾಗುತ್ತದೆ. ಎರಡನೆಯದು ನಿಷೇಧದ ಜಾಗ. ಕನ್ನಡದಲ್ಲಿ ‘ಇಲ್ಲ’, ‘ಅಲ್ಲ’, ‘ಆಗದು’, ‘ಲಾರದು’ ವಾಕ್ಯದ ತುದಿಯಲ್ಲಿ ಕೂರುತ್ತವೆ. ‘ಇಳುವರಿ ಕುಸಿಯಲು ಬೀಜದ ಗುಣಮಟ್ಟವೇ ಕಾರಣವೆಂದು ಹೇಳಲಾಗದು’ ಎಂಬ ವಾಕ್ಯವನ್ನು ಮುಕ್ಕಾಲು ಓದಿ ಕಣ್ಣು ಕೆಳಗಿನ ಸಾಲಿಗೆ ಹಾರಿದರೆ ಅರ್ಥ ತಲೆಕೆಳಗು. ಮೇಲೋಟದಲ್ಲಿ ಓದುವಾಗಲೂ ಪ್ರತಿ ವಾಕ್ಯದ ಕೊನೆಯ ಪದದ ಮೇಲೆ ಕಣ್ಣು ನಿಲ್ಲಬೇಕು. ಮೂರನೆಯದು ಯಾರ ಮಾತು ಎಂಬುದು. ‘ಎನ್ನಲಾಗಿದೆ’, ‘ಎಂಬುದು ಕೆಲವರ ವಾದ’, ‘ಅಂತೆ’ ಬಂದರೆ ಅದು ಲೇಖಕರ ನಿಲುವಲ್ಲ, ಬೇರೆಯವರ ಮಾತಿನ ವರದಿ. ‘ಲೇಖಕರ ಅಭಿಪ್ರಾಯವೇನು’ ಎಂಬ ಪ್ರಶ್ನೆಯಲ್ಲಿ ಇದೇ ವರದಿಯನ್ನು ಆಯ್ಕೆಯಾಗಿ ಇಡುತ್ತಾರೆ. ಪ್ರಶ್ನೆಯಲ್ಲೇ ‘ಸರಿಯಲ್ಲದ ಹೇಳಿಕೆ ಯಾವುದು’ ಎಂದಿದ್ದರೆ ‘ಸರಿಯಲ್ಲದ’ ಪದಕ್ಕೆ ಸುತ್ತು ಹಾಕಿ, ಪ್ರತಿ ಆಯ್ಕೆಯ ಪಕ್ಕ ಸರಿ, ತಪ್ಪು ಗುರುತು ಹಾಕಿಕೊಂಡು ಕೊನೆಗೆ ಒಂಟಿಯಾಗಿ ಉಳಿದದ್ದನ್ನು ಆರಿಸಬೇಕು. ಮನಸ್ಸಿನಲ್ಲೇ ಮಾಡಿದರೆ ಮೂರನೇ ಆಯ್ಕೆಗೆ ಬರುವಷ್ಟರಲ್ಲಿ ಪ್ರಶ್ನೆ ಉಲ್ಟಾ ಎಂಬುದೇ ಮರೆಯುತ್ತದೆ.

‘ಮೊದಲು ಪ್ರಶ್ನೆ ಓದಿ’ ಎಂಬ ಒಂದೇ ಮಂತ್ರ

ಎಲ್ಲ ಪರೀಕ್ಷೆಗೂ, ಎಲ್ಲ ಗದ್ಯಾಂಶಕ್ಕೂ ಮೊದಲು ಪ್ರಶ್ನೆ ಓದಿ, ಆಮೇಲೆ ಗದ್ಯಾಂಶಕ್ಕೆ ಹೋಗಿ ಎನ್ನುತ್ತಾರೆ. ಇದನ್ನು ಒಪ್ಪುವುದು ಕಷ್ಟ. ನವೋದಯದ ಭಾಷಾ ಭಾಗದಲ್ಲಿ ನಾಲ್ಕು ಗದ್ಯಾಂಶ, ತಲಾ ಐದು ಪ್ರಶ್ನೆ, 30 ನಿಮಿಷ. ಗದ್ಯಾಂಶ ಚಿಕ್ಕದು, ವಿವರದ ಪ್ರಶ್ನೆಗಳೂ ಇರುತ್ತವೆ. ಅಲ್ಲಿ ಪ್ರಶ್ನೆ ಮೊದಲು ಓದಿದರೆ ಲಾಭವಿದೆ. ಐಇಎಲ್‌ಟಿಎಸ್‌ನಲ್ಲಿ ಮೂರು ಉದ್ದ ಪಾಠ, 40 ಪ್ರಶ್ನೆ, 60 ನಿಮಿಷ. ಅಲ್ಲೂ ಪ್ರಶ್ನೆಯ ಹೆಸರು, ಇಸವಿ, ಸಂಖ್ಯೆ ಹಿಡಿದುಕೊಂಡು ಪಾಠದಲ್ಲಿ ಹುಡುಕುವುದು ಜಾಣತನ. ಆದರೆ ಕಾನೂನು ಕಾಲೇಜು ಪ್ರವೇಶದ ಕ್ಲ್ಯಾಟ್‌ನಲ್ಲಿ ಸುಮಾರು 450 ಪದದ ಗದ್ಯಾಂಶ, ವಾದವನ್ನು ಹಿಡಿಯಬೇಕಾದ ಪ್ರಶ್ನೆಗಳು. ಉದ್ದುದ್ದ ಆಯ್ಕೆಗಳಿರುವ ಐದು ಪ್ರಶ್ನೆಯನ್ನು ಮೊದಲೇ ಓದಿದರೆ ಒಂದೂವರೆ ನಿಮಿಷ ಹೋಗುತ್ತದೆ, ಗದ್ಯಾಂಶ ಮುಗಿಯುವಷ್ಟರಲ್ಲಿ ಅವು ನೆನಪಿರುವುದಿಲ್ಲ, ಮತ್ತೆ ಓದಬೇಕು. ಇನ್ನೂ ದೊಡ್ಡ ನಷ್ಟ ಎಂದರೆ ತಪ್ಪು ಆಯ್ಕೆಗಳ ಭಾಷೆ ತಲೆಯೊಳಗೆ ಮೊದಲೇ ಕೂತುಬಿಡುತ್ತದೆ, ಗದ್ಯಾಂಶವನ್ನು ಅದರ ಕನ್ನಡಕದಲ್ಲೇ ಓದುತ್ತೇವೆ. ಇಲ್ಲಿ ಆಯ್ಕೆ ಬಿಟ್ಟು ಪ್ರಶ್ನೆಯ ಕಾಂಡ ಮಾತ್ರ ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ನೋಡಿ ಗದ್ಯಾಂಶಕ್ಕೆ ಹೋಗುವುದು ಲೇಸು. ಸಿ-ಸ್ಯಾಟ್‌ನಲ್ಲಿ ಗದ್ಯಾಂಶ ಒಂದೇ ಪ್ಯಾರಾದಷ್ಟು ಚಿಕ್ಕದಾಗಿದ್ದು ಒಂದೆರಡೇ ಪ್ರಶ್ನೆ ಇದ್ದರೆ ಕಾಂಡವನ್ನು ಪೂರ್ತಿ ಓದಿ: ತಿರುಳು ಕೇಳಿದ್ದಾರೋ, ಊಹೆ ಕೇಳಿದ್ದಾರೋ ಎಂಬುದರ ಮೇಲೆ ಓದುವ ರೀತಿಯೇ ಬದಲಾಗುತ್ತದೆ.

ಸಮಯದ ಪಾಠವೂ ಇದೇ ರೀತಿ ಸಡಿಲ. ‘ಬೇಗ ಓದಿ’ ಎಂದರೆ ಯಾರೂ ಬೇಗ ಓದುವುದಿಲ್ಲ, ಲೆಕ್ಕ ಬೇಕು. ಸಿ-ಸ್ಯಾಟ್: 80 ಪ್ರಶ್ನೆ, 120 ನಿಮಿಷ, ಪ್ರಶ್ನೆಗೆ 90 ಸೆಕೆಂಡ್. ಕ್ಲ್ಯಾಟ್: 120 ಪ್ರಶ್ನೆ, 120 ನಿಮಿಷ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ): 150 ಪ್ರಶ್ನೆ, 150 ನಿಮಿಷ. ಐಬಿಪಿಎಸ್ ನಡೆಸುವ ಬ್ಯಾಂಕ್ ಪ್ರಿಲಿಮ್ಸ್‌ನ ಇಂಗ್ಲಿಷ್: 30 ಪ್ರಶ್ನೆಗೆ 20 ನಿಮಿಷ, ಅಂದರೆ 40 ಸೆಕೆಂಡ್, ಮಿಕ್ಕ ಭಾಗದ ಸಮಯ ಇಲ್ಲಿಗೆ ತರುವಂತಿಲ್ಲ. ಈಗ ನಿಮ್ಮ ವೇಗ ಅಳೆಯಿರಿ: 450 ಪದದ ಗದ್ಯಾಂಶವನ್ನು ಫೋನಿನ ಸ್ಟಾಪ್‌ವಾಚ್ ಇಟ್ಟು ಓದಿ. ಮೂರು ನಿಮಿಷ ಹಿಡಿದರೆ ನಿಮಿಷಕ್ಕೆ 150 ಪದ. ಕ್ಲ್ಯಾಟ್‌ನಲ್ಲಿ ಐದು ಪ್ರಶ್ನೆಯ ಗದ್ಯಾಂಶಕ್ಕೆ ಸಿಗುವುದು ಐದೇ ನಿಮಿಷ. ಓದಿಗೆ ಮೂರು ಹೋದರೆ ಪ್ರಶ್ನೆಗೆ 24 ಸೆಕೆಂಡ್ ಉಳಿಯುತ್ತದೆ, ಸಾಲದು. 225 ಪದಕ್ಕೆ ಏರಿಸಿದರೆ ಓದಿಗೆ ಎರಡು ನಿಮಿಷ, ಪ್ರಶ್ನೆಗೆ 36 ಸೆಕೆಂಡ್. ವೇಗ ಕಡಿಮೆಯಾಗಲು ಸಾಮಾನ್ಯ ಕಾರಣ ಓದಿದ ಸಾಲಿಗೇ ಕಣ್ಣು ಹಿಂದೆ ಹೋಗುವುದು ಮತ್ತು ತುಟಿ ಆಡಿಸಿ ಓದುವುದು. ಮೊದಲನೆಯದಕ್ಕೆ ಪೆನ್ಸಿಲ್ ತುದಿಯನ್ನು ಸಾಲಿನ ಕೆಳಗೆ ಓಡಿಸುವುದು ಮದ್ದು. ವೇಗ ಹೆಚ್ಚಿದಾಗ ಸರಿಯುತ್ತರದ ಪ್ರಮಾಣ ಬಿದ್ದರೆ ಒಂದು ಮೆಟ್ಟಿಲು ಇಳಿದು ಅಲ್ಲೇ ಒಂದು ವಾರ ನಿಲ್ಲಬೇಕು.

ನೆಗೆಟಿವ್ ಮಾರ್ಕಿಂಗ್ ಬಗ್ಗೆ ತರಗತಿಯಲ್ಲಿ ಹೇಳುವುದು ‘ಡೌಟ್ ಇದ್ದರೆ ಬಿಟ್ಟುಬಿಡಿ’ ಎಂದಷ್ಟೆ. ಗದ್ಯಾಂಶದಲ್ಲಿ ಇದು ನಷ್ಟದ ಸಲಹೆ. ಸಿ-ಸ್ಯಾಟ್‌ನಲ್ಲಿ ಸರಿಯಾದರೆ 2.5 ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ, ಸುಮಾರು 0.83 ಹೋಗುತ್ತದೆ. ನಾಲ್ಕರಲ್ಲಿ ಕಣ್ಣುಮುಚ್ಚಿ ಒಂದನ್ನು ಹಾಕಿದರೆ ಸರಾಸರಿ ಲಾಭ ಸೊನ್ನೆ. ಒಂದನ್ನು ಖಚಿತವಾಗಿ ಹೊಡೆದುಹಾಕಿ ಮೂರರಲ್ಲಿ ಹಾಕಿದರೆ ಪ್ರಶ್ನೆಗೆ ಸರಾಸರಿ 0.28, ಎರಡನ್ನು ಹೊಡೆದುಹಾಕಿದರೆ 0.83 ಅಂಕ ಲಾಭ. ಗದ್ಯಾಂಶದಲ್ಲಿ ಎರಡನ್ನು ಹೊಡೆದುಹಾಕುವುದು ಕಷ್ಟವಲ್ಲ, ಈ ಬ್ಯಾಚ್ ಅದನ್ನೇ ಆರು ವಾರ ಕಲಿಸುತ್ತದೆ. ಕಲಿಸಿ ಕೊನೆಗೆ ಬಿಟ್ಟುಬಿಡಿ ಎನ್ನುವುದು ಸರಿಯಲ್ಲ. ನವೋದಯ, ಟಿಇಟಿಗಳಲ್ಲಿ ನೆಗೆಟಿವ್ ಇಲ್ಲವೇ ಇಲ್ಲ, ಉತ್ತರ ಹಾಳೆಯ ಒಂದು ವೃತ್ತವನ್ನೂ ಖಾಲಿ ಬಿಡಬಾರದು.

ತಪ್ಪಿನ ರಿಜಿಸ್ಟರ್, ಕೊಠಡಿ, ಮಾಕ್ ಟೆಸ್ಟ್

ಪ್ರತಿ ತರಗತಿಯ ಕೊನೆಯ 40 ನಿಮಿಷ ತಪ್ಪಿನ ರಿಜಿಸ್ಟರಿಗೆ ಮೀಸಲು. ಉದ್ದ ನೋಟ್‌ಬುಕ್ಕಿನಲ್ಲಿ ಐದು ಅಂಕಣ: ಪ್ರಶ್ನೆ ಯಾವ ಬಗೆಯದು, ನಾನು ಹಾಕಿದ್ದು, ಅದು ಐದರಲ್ಲಿ ಯಾವ ಬಲೆ, ಸರಿಯುತ್ತರದ ಸಾಲು, ಹಿಡಿದ ಸೆಕೆಂಡ್. ‘ಸಿಲ್ಲಿ ಮಿಸ್ಟೇಕ್’ ಎಂದು ಬರೆಯುವಂತಿಲ್ಲ, ಬಲೆಯ ಹೆಸರು ಬರೆಯಲೇಬೇಕು. ನಾಲ್ಕನೇ ವಾರದ ಹೊತ್ತಿಗೆ ಪುಟ ತಿರುಗಿಸಿದರೆ ಒಬ್ಬೊಬ್ಬರದ್ದು ಒಂದೊಂದು ಕಾಯಿಲೆ ಕಾಣುತ್ತದೆ: ಒಬ್ಬರಿಗೆ ‘ಹೊರಗಿನದು’ ಹತ್ತು ಸಲ, ಇನ್ನೊಬ್ಬರಿಗೆ ‘ಅರ್ಧ ಸರಿ’. ಹೊರಗಿನದು ಹೆಚ್ಚಿದ್ದವರು ತಮಗೆ ಗೊತ್ತಿಲ್ಲದ ವಿಷಯದ ಗದ್ಯಾಂಶಗಳನ್ನೂ, ಅರ್ಧ ಸರಿ ಹೆಚ್ಚಿದ್ದವರು ಆಯ್ಕೆಯನ್ನು ಕೊನೆಯ ಪದದಿಂದ ಹಿಂದಕ್ಕೆ ಓದುವುದನ್ನೂ ಅಭ್ಯಾಸ ಮಾಡಬೇಕು ಎಂದು ಪ್ರತ್ಯೇಕವಾಗಿ ಹೇಳುತ್ತಾರೆ. 3,500 ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಈ ರಿಜಿಸ್ಟರಿಗೇ ಸಲ್ಲುತ್ತದೆ.

ಕೊಠಡಿಯಲ್ಲಿ 40 ಜನ ಹಿಡಿಸುತ್ತಾರೆ, ಹಿಂದಿನ ಎರಡು ಬೆಂಚಿಗೆ ಬೋರ್ಡಿನ ಅಕ್ಷರ ಕಾಣುವುದಿಲ್ಲ. ಮಾಕ್ ಟೆಸ್ಟ್ ನಾಲ್ಕು, ಎಲ್ಲವೂ ಕಾಗದದ ಮೇಲೆ. ಸಿ-ಸ್ಯಾಟ್, ಕ್ಲ್ಯಾಟ್, ನವೋದಯದವರಿಗೆ ಅದು ಸರಿಯಾದ ಅಭ್ಯಾಸವೇ. ಬ್ಯಾಂಕ್ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ; ಅಲ್ಲಿ ಗೆರೆ ಎಳೆಯಲಾಗದು, ಅಂಚಿನ ಟಿಪ್ಪಣಿಯನ್ನು ರಫ್ ಹಾಳೆಯಲ್ಲಿ ‘ಪ್ಯಾ1, ಪ್ಯಾ2’ ಎಂದು ಬರೆದುಕೊಳ್ಳಬೇಕು, ಗದ್ಯಾಂಶವನ್ನು ಮೇಲೆ ಕೆಳಗೆ ಸರಿಸುತ್ತಿರಬೇಕು. ಈ ಅಭ್ಯಾಸ ಇಲ್ಲಿ ಸಿಗುವುದಿಲ್ಲ, ಮನೆಯಲ್ಲೋ ಸೈಬರ್ ಸೆಂಟರಿನಲ್ಲೋ ಬೇರೆಯಾಗಿ ಮಾಡಿಕೊಳ್ಳಬೇಕು.

ಯಾರಿಗೆ ಬೇಕು? ಇಂಗ್ಲಿಷ್ ಗದ್ಯಾಂಶದಲ್ಲಿ ಹತ್ತಕ್ಕೆ ನಾಲ್ಕೈದು ಸರಿ ಮಾಡುವ, ಎಲ್ಲಿ ತಪ್ಪುತ್ತಿದೆ ಎಂದು ತಿಳಿಯದ ಪದವಿ ವಿದ್ಯಾರ್ಥಿಗೆ ಧಾರಾಳವಾಗಿ ಹೇಳಬಹುದು. ಹತ್ತಕ್ಕೆ ಎಂಟು ಬರುವವರಿಗೆ 350ರ ಮೆಟೀರಿಯಲ್ ಸಾಕು. ಟಿಇಟಿಗೆ ಕನ್ನಡ ಗದ್ಯಾಂಶ ಮತ್ತು ಪದ್ಯಾಂಶಕ್ಕಾಗಿ ಮಾತ್ರ ಬರುವವರು ದುಡ್ಡು ಉಳಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಹಿಡಿಯುವುದು ಉತ್ತಮ. ಯುಪಿಎಸ್‌ಸಿಯ ಹಿಂದಿನ ವರ್ಷಗಳ ಪತ್ರಿಕೆಗಳು ಆಯೋಗದ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಅಸಲಿ ಪತ್ರಿಕೆಯ ತಪ್ಪು ಆಯ್ಕೆಗಳ ನಯ ಯಾವ ಕೋಚಿಂಗ್ ಮೆಟೀರಿಯಲ್‌ನಲ್ಲೂ ಬರುವುದಿಲ್ಲ, ಹಾಗಾಗಿ ಬ್ಯಾಚಿಗೆ ಸೇರಿದರೂ ವಾರಕ್ಕೆ ಮೂರು ಗದ್ಯಾಂಶವನ್ನಾದರೂ ಅಲ್ಲಿಂದ ಮಾಡಬೇಕು.

ಚಿತ್ರದುರ್ಗದಿಂದ ಬರುವವರಿಗೆ ಬಸ್ಸಿನಲ್ಲಿ ಹೋಗಿಬರಲು ಎರಡು ಗಂಟೆಯ ಮೇಲೇ ಬೇಕು, ಬೆಳಗಿನ ಬ್ಯಾಚ್ ಏಳೂವರೆಗೇ ಶುರು. ಅವರು ಮಧ್ಯಾಹ್ನದ ಬ್ಯಾಚ್ ಕೇಳುವುದು ಒಳ್ಳೆಯದು. ಸೇರುವ ಮೊದಲು ಒಂದು ಡೆಮೊ ತರಗತಿ ಉಚಿತವಾಗಿದೆ. ಮೊದಲ ದಿನದ್ದಲ್ಲ, ಮೂರನೇ ವಾರದ ತರಗತಿಗೆ ಕೂರಿಸಿ ಎಂದು ಕೇಳಿ, ಕೂರಿಸುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಮೆಟೀರಿಯಲ್ ತೆಗೆದುಕೊಳ್ಳುವವರು ಬೈಂಡಿಂಗ್‌ಗೆ ಕೊಡುವ ಮೊದಲು ಪುಟಗಳ ಎಡ ಅಂಚು ನೋಡಿ. ಪ್ರತಿ ತೆಗೆಯುವಾಗ ಹಾಳೆ ಸ್ವಲ್ಪ ಸರಿದರೂ ಸಾಲಿನ ಸಂಖ್ಯೆಗಳು ಸ್ಪೈರಲ್‌ನ ತೂತಿನಲ್ಲಿ ಹೋಗಿಬಿಡುತ್ತವೆ. ಅವಿಲ್ಲದೆ ಆ 184 ಪುಟ ಸಾಮಾನ್ಯ ಪ್ರಶ್ನೆಗಳ ಕಟ್ಟು ಅಷ್ಟೆ, ಹಾಗಿದ್ದರೆ ಆ ಹಾಳೆಗಳನ್ನು ಮತ್ತೆ ತೆಗೆಸಿಕೊಳ್ಳಿ.